ವೈನ್ ಪಟ್ಟಿಗೆ ಬಿದ್ದ ಕೆಂಪು ಗೆರೆ

ಔಷಧ ಗೋದಾಮಿನ ಸ್ಟೋರ್‌ಕೀಪರನನ್ನು ಎಲ್ಲರೂ ತಾರೀಖಣ್ಣ ಎಂದು ಕರೆಯುತ್ತಿದ್ದರು. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಯಾವ ವಸ್ತುವನ್ನು ಕೈಗೆ ಕೊಟ್ಟರೂ ಅವನು ಮೊದಲು ಅದನ್ನು ತಲೆಕೆಳಗು ಮಾಡಿ, ಕನ್ನಡಕವನ್ನು ಹಣೆಗೇರಿಸಿ, ತಯಾರಾದ ದಿನ ಯಾವುದು, ಮುಗಿಯುವ ದಿನ ಯಾವುದು ಎಂದು ಓದುತ್ತಿದ್ದ. ಸಮಾಧಾನವಾದರೆ ಕೆಳಗಿಡುತ್ತಿದ್ದ. ಆಗದಿದ್ದರೆ ಜೇಬಿನಿಂದ ಕೆಂಪು ಪೆನ್ನು ಹೊರಬರುತ್ತಿತ್ತು. ಮಗಳು ಹುಟ್ಟಿದಾಗ ನರ್ಸ್ ಕೈಗಿತ್ತ ಕೂಸನ್ನೂ ತಿರುಗಿಸಿ ನೋಡಿದ ಎಂಬುದು ಅವನ ಬಾವಮೈದ ಕಟ್ಟಿದ ಕತೆ, ಅದಕ್ಕೆ ಸಾಕ್ಷಿಯಿಲ್ಲ. ಆದರೆ ಮೂವತ್ತನಾಲ್ಕು ವರ್ಷಗಳಲ್ಲಿ ಅವನ ಗೋದಾಮಿನಿಂದ ಅವಧಿ ಮೀರಿದ ಒಂದು ಮಾತ್ರೆಯೂ ಹೊರಗೆ ಹೋಗಿರಲಿಲ್ಲ ಎಂಬುದಕ್ಕೆ ಸಾಕ್ಷಿಯಿದೆ. ತಪಾಸಣೆಗೆ ಬಂದವರೇ ಹಾಗೆಂದು ಬರೆದು ಸಹಿ ಹಾಕಿದ್ದಾರೆ.

ಮನೆಯ ಸುತ್ತಮುತ್ತ ಈ ನಿಷ್ಠೆಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಪಕ್ಕದ ಮನೆಯ ಟೀಚರಮ್ಮ ಮೊಮ್ಮಗಳು ಹುಟ್ಟಿದ ಖುಷಿಗೆ ಒಂದು ಡಬ್ಬಿ ಬಿಸ್ಕತ್ತು ಕೊಟ್ಟಿದ್ದರು. ತಾರೀಖಣ್ಣ ಡಬ್ಬಿಯ ತಳಕ್ಕೆ ಕೆಂಪು ಸುತ್ತು ಹಾಕಿ, ‘ನಾಲ್ಕು ದಿನ ಮೀರಿದೆ, ದಯವಿಟ್ಟು ಗಮನಿಸಿ’ ಎಂದು ಬರೆದು ಮರಳಿಸಿದ್ದ. ಅಂದಿನಿಂದ ಟೀಚರಮ್ಮ ಇವನ ಮನೆಯ ಮುಂದೆ ಹಾಯುವಾಗ ಎದುರುಗಡೆಯ ಗೋಡೆ ನೋಡಿಕೊಂಡು ನಡೆಯುತ್ತಿದ್ದರು.

ಈಗ ತಾರೀಖಣ್ಣನಿಗೇ ಒಂದು ತಾರೀಖು ಬಂದಿತ್ತು. ತಿಂಗಳ ಕೊನೆಗೆ ಅವನಿಗೆ ಅರವತ್ತು ತುಂಬುತ್ತಿತ್ತು, ಅರವತ್ತಕ್ಕೆ ನಿವೃತ್ತಿ ಎಂಬುದು ಕಂಪನಿಯ ನಿಯಮ. ಇನ್ನೆರಡು ವರ್ಷ ಮುಂದುವರಿಸಬೇಕೆಂದು ಅವನು ಅರ್ಜಿ ಹಾಕಿದ್ದ. ಅರ್ಜಿ ಯಜಮಾನಮ್ಮನ ಮೇಜಿನ ಮೇಲಿತ್ತು. ಎಪ್ಪತ್ತನಾಲ್ಕರ ಯಜಮಾನಮ್ಮ ಗಂಡನ ಜೊತೆ ಸೇರಿ ಕಂಪನಿ ಕಟ್ಟಿದವರು, ಗಂಡ ಹೋದ ಮೇಲೆ ಒಬ್ಬರೇ ನಡೆಸಿದವರು. ಅವರ ಮಗ ಚಿಕ್ಕ ಯಜಮಾನನ ಮೇಜಿನ ಮೇಲೆ ಅರ್ಜಿ ಇರಲಿಲ್ಲ, ಒಂದು ಯಂತ್ರವಿತ್ತು. ಹೇರ್ ಡ್ರೈಯರಿನಂತೆ ಕಾಣುತ್ತಿದ್ದ ಅದನ್ನು ಪೆಟ್ಟಿಗೆಗೆ ಹಿಡಿದರೆ ತಾರೀಖು ಓದಿ, ಸರಿಯಿದ್ದರೆ ಹಸಿರು ದೀಪ, ಮೀರಿದ್ದರೆ ಕೆಂಪು ದೀಪ ತೋರಿಸುತ್ತಿತ್ತು.

“ಇದು ರಜೆ ಕೇಳಲ್ಲ, ಭಾಷಣ ಮಾಡಲ್ಲ,” ಎಂದು ಚಿಕ್ಕ ಯಜಮಾನ ಎಲ್ಲರಿಗೂ ಕೇಳುವಂತೆ ಹೇಳಿದ್ದ.

ತಾರೀಖಣ್ಣನ ಹೆಂಡತಿಗೆ ಗಂಡನಿಗಿಂತ ಹೆಚ್ಚು ಆತಂಕ. “ಹೇಗಾದ್ರೂ ಮಾಡಿ ಎರಡು ವರ್ಷ ತಗೊಳ್ಳಿ ಅಂತ ಬಾವನಿಗೆ ಹೇಳೋ,” ಎಂದು ತಮ್ಮನ ಹತ್ತಿರ ಅಲವತ್ತುಕೊಂಡಳು. “ಇಡೀ ದಿನ ಮನೇಲಿದ್ರೆ ನನ್ನನ್ನೂ ತಿರುಗಿಸಿ ನೋಡೋಕೆ ಶುರು ಮಾಡ್ತಾರೆ.”

ಆ ವಾರವೇ ಕಂಪನಿಗೆ ಐವತ್ತು ತುಂಬಿತು. ಹಳಬರಾದ ಹತ್ತು ಜನಕ್ಕೆ ಯಜಮಾನಮ್ಮ ಊರಿನ ಹಳೆಯ ದೊಡ್ಡ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಇಟ್ಟುಕೊಂಡರು. ಅರ್ಜಿಯ ತೀರ್ಮಾನವನ್ನೂ ಊಟದ ಕೊನೆಗೆ ಹೇಳುವುದಾಗಿ ತಿಳಿಸಿದರು. ಸುದ್ದಿ ಬಂದ ದಿನ ಚಹಾದ ಹೊತ್ತಿನಲ್ಲಿ ಪ್ಯಾಕಿಂಗ್ ವಿಭಾಗದ ಅಕ್ಕ ಕೇಳಿದಳು: “ಅಣ್ಣಾ, ಆ ಹೋಟೆಲಿನ ಒಳಗೆ ಯಾವತ್ತಾದ್ರೂ ಹೋಗಿದ್ದೀರಾ?”

ಇಲ್ಲ ಎಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಇನ್ನೆರಡು ವರ್ಷ ಕೇಳುತ್ತಿರುವ ಮನುಷ್ಯ ಯಾವುದಕ್ಕೂ ಇಲ್ಲ ಎನ್ನಬಾರದೆಂದು ತಾರೀಖಣ್ಣನಿಗೆ ಆಗ ಅನ್ನಿಸಿತು.

“ಎಷ್ಟೋ ಸಲ,” ಎಂದ. ಅಷ್ಟಕ್ಕೇ ಬಿಡದೆ, “ಅಲ್ಲಿನ ವೈನ್ ಪಟ್ಟಿ ಬಹಳ ಹೆಸರುವಾಸಿ,” ಎಂದೂ ಸೇರಿಸಿದ. ಅದನ್ನು ಅವನು ಬಸ್ಸಿನಲ್ಲಿ ಯಾರೋ ಹೇಳುತ್ತಿದ್ದುದು ಕೇಳಿದ್ದ.

ಹಿಂದಿನಿಂದ ಚಿಕ್ಕ ಯಜಮಾನನ ದನಿ ಬಂತು. “ಹೌದೇನು? ಹಾಗಾದ್ರೆ ಅವತ್ತು ವೈನ್ ಆರಿಸೋದು ನಿಮ್ಮ ಕೆಲಸ.”

ತಾರೀಖಣ್ಣ ಆ ವಯಸ್ಸಿನವರೆಗೆ ಕುಡಿದ ಅತಿ ಖಡಕ್ ಪಾನೀಯವೆಂದರೆ ಕೆಮ್ಮಿನ ಸಿರಪ್ಪು. ಅಂದು ಸಂಜೆ ಬಾವಮೈದ ಧೈರ್ಯ ಹೇಳಿದ. ಅವನು ಆಹಾರ ತಪಾಸಣಾ ಕಚೇರಿಯಲ್ಲಿ ಗುಮಾಸ್ತ. “ಬಾವಾ, ಅದೇನು ದೊಡ್ಡ ವಿದ್ಯೆ ಅಲ್ಲ. ಪಟ್ಟಿ ಕೊಡ್ತಾರೆ. ನಿಧಾನಕ್ಕೆ ಓದಿ. ಹುಬ್ಬು ಗಂಟು ಹಾಕಿ. ಹೆಸರು ಓದೋಕೆ ಬರ್ದೇ ಇದ್ರೆ ಅದರ ಪಕ್ಕದಲ್ಲಿ ಇರೋದನ್ನ ಓದಿ. ಆಮೇಲೆ ಯಾವುದೋ ಒಂದರ ಮೇಲೆ ಬೆರಳಿಡಿ, ಮುಗೀತು.”

ಪಕ್ಕದಲ್ಲಿ ಇರುವುದೇನು ಎಂದು ಅವನು ಹೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಹೋಟೆಲಿಗೆ ನೂರ ನಲವತ್ತು ವರ್ಷ. ಬಾಗಿಲ ಪಕ್ಕದ ಹಿತ್ತಾಳೆಯ ಫಲಕದಲ್ಲಿ 1885 ಎಂದು ಕೆತ್ತಿತ್ತು. ತಾರೀಖಣ್ಣ ಅದನ್ನು ಓದಿ ಅಲ್ಲಿಯೇ ಒಮ್ಮೆ ಮುಖ ಸಿಂಡರಿಸಿದ. ಒಳಗೆ ಎತ್ತರದ ಛಾವಣಿ, ನಡುವೆ ಸವೆದ ಮೆಟ್ಟಿಲು, ಬಿಳಿ ಹಾಸಿನ ಮೇಜುಗಳು. ಹತ್ತು ಜನ ಹಳಬರೂ ಪರೀಕ್ಷೆಗೆ ಬಂದವರಂತೆ ಸಾಲಾಗಿ ಕೂತರು. ಮೇಜಿನ ತಲೆಯಲ್ಲಿ ಯಜಮಾನಮ್ಮ, ಪಕ್ಕದಲ್ಲಿ ಮಗ.

ಸೂಪಿನ ಜೊತೆಯಲ್ಲೇ ವೈನ್ ಪಟ್ಟಿ ಬಂತು. ಪಟ್ಟಿ ಎಂದರೆ ಒಂದು ಹಾಳೆ ಎಂದುಕೊಂಡಿದ್ದ ತಾರೀಖಣ್ಣನ ಮುಂದೆ ಇಟ್ಟದ್ದು ಚರ್ಮದ ರಟ್ಟಿನ, ಇಟ್ಟಿಗೆಯಷ್ಟು ತೂಕದ ಪುಸ್ತಕ. ಅರವತ್ತನಾಲ್ಕು ಪುಟ, ಎಲ್ಲವೂ ಕೈಬರಹ. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು, ಆದರೆ ಒಂದು ಹೆಸರೂ ನಾಲಿಗೆಗೆ ಹೊರಳುವಂತಿರಲಿಲ್ಲ. ಬಾವಮೈದನ ಮಾತು ನೆನಪಾಗಿ ಅವನು ಹೆಸರಿನ ಪಕ್ಕಕ್ಕೆ ಕಣ್ಣು ಹಾಯಿಸಿದ.

ಅಲ್ಲಿ ಇಸವಿಯಿತ್ತು. 2009.

ಕೆಳಗಿನ ಸಾಲಿನಲ್ಲಿ 2004. ಅದರ ಕೆಳಗೆ 1998. ಪುಟ ತಿರುವಿದ. 1991. 1987.

ತಾರೀಖಣ್ಣನ ಕಿವಿ ಬಿಸಿಯಾಯಿತು. ಅವನ ಗೋದಾಮಿನಲ್ಲಿ ದ್ರವರೂಪದ ಔಷಧಕ್ಕೆ ಎರಡು ವರ್ಷ, ಬಹಳವೆಂದರೆ ಮೂರು. ಇಲ್ಲಿ ತನ್ನ ಮಗಳಿಗಿಂತ ಹಳೆಯ ಸರಕನ್ನು, ಅದೂ ಬಾಟಲಿಯಲ್ಲಿ, ಅದೂ ಹೊಟ್ಟೆಗೆ ಇಳಿಸುವಂಥದ್ದನ್ನು, ಒಂದಿಷ್ಟೂ ನಾಚಿಕೆಯಿಲ್ಲದೆ ಇಸವಿ ಸಮೇತ ಬರೆದಿಟ್ಟಿದ್ದಾರೆ! ಮುಚ್ಚಿಟ್ಟು ಮಾರುವ ಕಳ್ಳರನ್ನು ಅವನು ಬಹಳ ನೋಡಿದ್ದ. ಬಿಚ್ಚಿಟ್ಟು ಮಾರುವವರನ್ನು ನೋಡಿದ್ದು ಇದೇ ಮೊದಲು.

ಕೆಂಪು ಪೆನ್ನು ತಾನಾಗಿಯೇ ಹೊರಬಂತು.

ಅವನು ಎಳೆದ ಗೆರೆಗಳು ಮುನ್ನೂರು ಎಂದು ಹೋಟೆಲಿನವರು ಆಮೇಲೆ ಹೇಳಿದ್ದು ಉತ್ಪ್ರೇಕ್ಷೆ. ಎಣಿಸಿದವರ ಪ್ರಕಾರ ತೊಂಬತ್ತಮೂರು. ಹತ್ತೊಂಬತ್ತನೆಯ ಪುಟದವರೆಗೆ ಸಾಲಿಗೊಂದರಂತೆ, ರೂಲು ಹಿಡಿದು ಎಳೆದಷ್ಟು ನೇರವಾಗಿ. ಪ್ರತಿ ಪುಟದ ಅಡಿಯಲ್ಲಿ ‘ಅವಧಿ ಮೀರಿದೆ’ ಎಂಬ ಷರಾ, ಕಿರುಸಹಿ.

“ನೋಡಮ್ಮಾ, ಎಷ್ಟು ಶ್ರದ್ಧೆಯಿಂದ ಆರಿಸ್ತಿದ್ದಾರೆ,” ಎಂದು ಚಿಕ್ಕ ಯಜಮಾನ ತಾಯಿಯ ಕಿವಿಯಲ್ಲಿ ನಕ್ಕ.

ಆಗ ಊಟದ ಕೋಣೆಯ ಬಾಗಿಲಲ್ಲಿ ಬಿಳಿ ಕೈಗವಸಿನ ಮುದುಕರೊಬ್ಬರು ಕಾಣಿಸಿಕೊಂಡರು. ಅರವತ್ತೆಂಟು ವರ್ಷದ ಅವರು ಹೋಟೆಲಿನ ವೈನಿನ ಉಸ್ತುವಾರಿ. ಅಲ್ಲಿನವರ ಬಾಯಲ್ಲಿ ನೆಲಮಾಳಿಗೆ ತಾತ. ಕೈಯಲ್ಲೊಂದು ಬುಟ್ಟಿ, ಬುಟ್ಟಿಯಲ್ಲಿ ಮಲಗಿಸಿದ ಬಾಟಲಿ, ಬಾಟಲಿಯ ಮೇಲೆ ಬೆರಳು ದಪ್ಪದ ಧೂಳು. ಅಮ್ಮನಿಗೆ ಅಚ್ಚರಿಯಾಗಲೆಂದು ಮಗ ಮೊದಲೇ ಹೇಳಿ ತೆಗೆಸಿಟ್ಟಿದ್ದ ಬಾಟಲಿ ಅದು. ಕಂಪನಿ ಹುಟ್ಟಿದ ವರ್ಷದ್ದು, 1975.

ವೈನ್ ಆರಿಸುವವರು ಯಾರೆಂದು ವಿಚಾರಿಸಿಕೊಂಡು ತಾತ ನೇರವಾಗಿ ತಾರೀಖಣ್ಣನ ಹತ್ತಿರ ಬಂದು, ಬಾಟಲಿಯನ್ನು ಕೂಸಿನಂತೆ ಎರಡು ಕೈಯಲ್ಲಿ ಹಿಡಿದು ತೋರಿಸಿದರು.

“ಎಪ್ಪತ್ತೈದನೇ ಇಸವಿ ಸಾರ್.”

“ಕಾಣ್ತಾ ಇದೆ,” ಎಂದ ತಾರೀಖಣ್ಣ. “ಧೂಳು ಒರೆಸೋಕೂ ಪುರುಸೊತ್ತಿಲ್ವಾ ನಿಮಗೆ?”

ತಾತ ಅದನ್ನು ದೊಡ್ಡವರ ತಮಾಷೆ ಎಂದುಕೊಂಡು ನಕ್ಕರು. “ಒರೆಸಬಾರದು ಸಾರ್. ತಮಗೆ ಗೊತ್ತಿಲ್ಲದ್ದೇ?”

ಬಾಟಲಿಯನ್ನು ಬೆಳಕಿಗೆ ಹಿಡಿದಾಗ ತಾರೀಖಣ್ಣ ಬಗ್ಗಿ ನೋಡಿದ. “ತಳದಲ್ಲಿ ಗಸಿ ಇದೆ.”

“ಇದೆ ಸಾರ್,” ಎಂದರು ತಾತ ಹೆಮ್ಮೆಯಿಂದ. “ಇರ್ಲೇಬೇಕು.”

ಗಸಿ ಕಂಡ ಬಾಟಲಿಯನ್ನು ಬಚ್ಚಲಿಗೆ ಸುರಿಯುವುದು ತಾರೀಖಣ್ಣನ ಗೋದಾಮಿನ ಮೊದಲ ಪಾಠ. ತಾತ ಬಿರಡೆ ತೆಗೆದು, ವೈನನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಗಾಜಿನ ಹೂಜಿಗೆ ನಿಧಾನವಾಗಿ ಬಗ್ಗಿಸಿದರು.

“ಹತ್ತು ನಿಮಿಷ ಉಸಿರಾಡ್ಲಿ ಸಾರ್.”

“ಐವತ್ತು ವರ್ಷ ಉಸಿರು ಕಟ್ಟಿ ಮಲಗಿಸಿ, ಈಗ ಹತ್ತು ನಿಮಿಷ ಉಸಿರಾಡ್ಸಿದ್ರೆ ಎದ್ದು ಕೂರುತ್ತೇನ್ರೀ?”

ತಾತನ ನಗು ಸ್ವಲ್ಪ ಸಣ್ಣಗಾಯಿತು. ಆದರೂ ಪದ್ಧತಿ ಬಿಡದೆ, ಹತ್ತು ನಿಮಿಷ ಎಣಿಸಿ, ಒಂದು ಗುಟುಕಿನಷ್ಟನ್ನು ತಾರೀಖಣ್ಣನ ಲೋಟಕ್ಕೆ ಹಾಕಿದರು. “ಮೊದಲು ತಾವು ರುಚಿ ನೋಡಬೇಕು.”

“ನಾನ್ಯಾಕೆ?”

“ಕ್ರಮ ಸಾರ್. ಕೆಟ್ಟಿದ್ರೆ ತಾವೇ ಮೊದಲು ಹೇಳ್ತೀರಿ.”

“ಕೆಟ್ಟಿದ್ರೆ ಹೇಳೋಕೆ ನಾನು ಉಳಿದಿರ್ಬೇಕಲ್ರೀ!” ಎಂದು ತಾರೀಖಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟ. “ಮೂವತ್ತನಾಲ್ಕು ವರ್ಷ ಸ್ಟೋರ್ ನೋಡಿದ್ದೀನಿ. ಇಲಿ ಮೇಲೆ ಪರೀಕ್ಷೆ ಮಾಡೋದು ಗೊತ್ತು. ಊಟಕ್ಕೆ ಕರೆದೋರ ಮೇಲೆ ಮಾಡೋದು ಇವತ್ತೇ ನೋಡಿದ್ದು!”

ಆ ಗಳಿಗೆಯಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ತಾತನ ಕಣ್ಣು ಮೇಜಿನ ಮೇಲೆ ತೆರೆದಿದ್ದ ಪಟ್ಟಿಗೆ ಬಿತ್ತು. ಅದನ್ನು ವರ್ಷವರ್ಷವೂ ಕೈಯಾರೆ ಬರೆಯುತ್ತಿದ್ದವರು ಅವರೇ. “ಅಯ್ಯೋ, ನನ್ನ ಪಟ್ಟಿ!” ಎಂದು ಅವರು ಹಾಕಿದ ಕೂಗಿಗೆ ಅಡುಗೆಮನೆಯಲ್ಲಿ ತಟ್ಟೆಯೊಂದು ಒಡೆಯಿತು. ಅದೇ ಹೊತ್ತಿಗೆ ಯಜಮಾನಮ್ಮ, ಈ ಗಲಾಟೆಯ ನಡುವೆಯೂ, ಮಗ ಬಗ್ಗಿಸಿ ಕೊಟ್ಟ ಐವತ್ತು ವರ್ಷದ ನೆನಪನ್ನು ತುಟಿಗೆ ತೆಗೆದುಕೊಂಡು ಹೋಗುತ್ತಿದ್ದರು. ತಾರೀಖಣ್ಣ ಎರಡೇ ಹೆಜ್ಜೆಗೆ ಹಾರಿ ಲೋಟ ಕಿತ್ತುಕೊಂಡ. ಅರ್ಧ ವೈನು ಮೇಜಿನ ಹಾಸಿಗೆ, ಕಾಲು ಭಾಗ ಚಿಕ್ಕ ಯಜಮಾನನ ಅಂಗಿಗೆ.

“ಕುಡೀಬೇಡಿ ಅಮ್ಮಾ! ಅವಧಿ ಮೀರಿ ನಲವತ್ತೇಳು ವರ್ಷ ಆಗಿದೆ!”

ಅವನ ದನಿ ಆ ಎತ್ತರದ ಛಾವಣಿಗೆ ತಾಗಿ ಎಲ್ಲ ಮೇಜಿಗೂ ಸಮನಾಗಿ ಹಂಚಿಹೋಯಿತು. ಕಿಟಕಿಯ ಬಳಿಯ ದಂಪತಿ ಲೋಟ ಕೆಳಗಿಟ್ಟರು. ಎರಡು ಲೋಟ ಮುಗಿಸಿದ್ದ ದಪ್ಪ ವಕೀಲರೊಬ್ಬರು ಹೊಟ್ಟೆ ಹಿಡಿದುಕೊಂಡು, “ಅದಕ್ಕೇ ನನಗೆ ಆಗಲಿಂದ ಒಂಥರಾ ಆಗ್ತಿದೆ,” ಎಂದರು.

“ನಿಮಗೆ ಆಗ್ತಿರೋದು ಮೂರು ತಟ್ಟೆ ಮೀನು ತಿಂದಿದ್ದಕ್ಕೆ,” ಎಂದಳು ಅವರ ಹೆಂಡತಿ.

“ಮೀನಿಗೂ ತಾರೀಖು ನೋಡಿಸ್ರೀ!” ಎಂದು ಮತ್ತೊಂದು ಮೇಜಿನಿಂದ ದನಿ ಬಂತು.

ಹೋಟೆಲಿನ ಮ್ಯಾನೇಜರ್ ಓಡಿಬಂದ. “ಸ್ವಾಮೀ, ವೈನ್ ಹಳೇದಾದ್ರೆ ಕೆಡಲ್ಲ.”

“ಯಾರು ಹೇಳಿದ್ದು?”

“ಪ್ರಪಂಚವೇ ಹೇಳುತ್ತೆ.”

“ಪ್ರಪಂಚ ಹೇಳಿದ್ರೆ ಸಾಕೇನ್ರೀ? ಬಾಟಲಿ ಮೇಲೆ ಬರೆದಿರ್ಬೇಕು,” ಎಂದು ತಾರೀಖಣ್ಣ ಜೇಬಿನಿಂದ ಫೋನ್ ತೆಗೆದು ಬಾವಮೈದನಿಗೆ ಕರೆ ಮಾಡಿದ.

ಅರ್ಧ ಗಂಟೆಯೊಳಗೆ ಬಾವಮೈದ ಆಹಾರ ಇನ್‌ಸ್ಪೆಕ್ಟರನನ್ನು ಕರೆದುಕೊಂಡು ಬಂದ. ಇನ್‌ಸ್ಪೆಕ್ಟರ್ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಅವನ ಕೈಯಲ್ಲಿ ಮುದ್ರಿತ ಫಾರಂ ಇತ್ತು. ಒಂದನೇ ಕಲಂ: ತಯಾರಾದ ದಿನಾಂಕ. ಅದನ್ನು ತುಂಬಿದ. ಎರಡನೇ ಕಲಂ: ಬಳಸಲು ಕೊನೆಯ ದಿನಾಂಕ. ಬಾಟಲಿಯನ್ನು ಎಲ್ಲ ಕಡೆ ತಿರುಗಿಸಿದ. ಕೊನೆಯ ದಿನಾಂಕ ಇರಲಿಲ್ಲ.

“ಮೀರಿದೆ ಅಂತ ಬರ್ಕೊಳ್ಳಿ,” ಎಂದ ತಾರೀಖಣ್ಣ.

“ಇಲ್ಲದ ತಾರೀಖು ಮೀರೋದು ಹೇಗ್ರೀ?”

“ಮೀರಿಲ್ಲ ಅಂತ ಬರ್ಕೊಳ್ಳಿ,” ಎಂದ ಮ್ಯಾನೇಜರ್.

“ಇಲ್ಲದ ತಾರೀಖು ಮೀರಿಲ್ಲ ಅಂತ ಹೇಳೋದು ಹೇಗ್ರೀ?”

ಫಾರಮ್ಮಿನ ಆ ಕಲಂ ಖಾಲಿ ಬಿಡುವಂತಿರಲಿಲ್ಲ. ಇನ್‌ಸ್ಪೆಕ್ಟರ್ ಬೆವರು ಒರೆಸಿಕೊಂಡು, ಯಾವುದಕ್ಕೂ ಇರಲಿ ಎಂದು ನೆಲಮಾಳಿಗೆ ನೋಡಬೇಕೆಂದ. ತಾತ ಮುಂದೆ, ಇನ್‌ಸ್ಪೆಕ್ಟರ್ ಹಿಂದೆ, ಅವನ ಹಿಂದೆ ತಾರೀಖಣ್ಣ, ಕೊನೆಗೆ ಬಾವಮೈದ, ಹೀಗೆ ಇಪ್ಪತ್ತೆರಡು ಮೆಟ್ಟಿಲು ಇಳಿದರು.

ಕೆಳಗೆ ತಂಪು, ಕತ್ತಲೆ. ಎರಡು ಮಂದ ದೀಪ. ಕಲ್ಲಿನ ಗೂಡುಗಳಲ್ಲಿ ಬಾಟಲಿಗಳು ಮಲಗಿದ್ದವು. ಪ್ರತಿ ಗೂಡಿಗೂ ಸಂಖ್ಯೆ, ಪ್ರತಿ ಸಾಲಿಗೂ ಚೀಟಿ. ಗೋಡೆಗೊಂದು ಉಷ್ಣಮಾಪಕ, ಅದರ ಕೆಳಗೆ ಸಣ್ಣ ಮೇಜು, ಮೇಜಿನ ಮೇಲೆ ರಿಜಿಸ್ಟರು. ಮೇಲಿನ ಪಟ್ಟಿಯಲ್ಲಿದ್ದದ್ದೇ ಕೈಬರಹ.

ಬೈಯಲು ಬಾಯಿ ತೆರೆದಿದ್ದ ತಾರೀಖಣ್ಣ ರಿಜಿಸ್ಟರ್ ಕಂಡು ಬಾಯಿ ಮುಚ್ಚಿದ. ಬೆಳಿಗ್ಗೆ ಏಳಕ್ಕೆ ಎಷ್ಟು ತಂಪು, ಸಂಜೆ ಏಳಕ್ಕೆ ಎಷ್ಟು. ಯಾವ ಬಾಟಲಿ ಒಳಗೆ ಬಂತು, ಯಾವುದು ಹೊರಗೆ ಹೋಯಿತು. ಒಂದು ತಿದ್ದುಪಡಿಯಿಲ್ಲ, ಒಂದು ಶಾಯಿ ಕಲೆಯಿಲ್ಲ. ಹಿಂದಿನ ರಿಜಿಸ್ಟರ್ ಕೇಳಿದ. ತಾತ ಕೊಟ್ಟರು. ಅದರ ಹಿಂದಿನದು ಕೇಳಿದ. ಕೊಟ್ಟರು. ನಲವತ್ತೊಂದು ವರ್ಷದವು ಸಾಲಾಗಿ ಕಪಾಟಿನಲ್ಲಿದ್ದವು. ತಾರೀಖಣ್ಣ ಹಾಳೆ ತಿರುವುತ್ತಾ ತಿರುವುತ್ತಾ ಕೊನೆಗೆ ಹುಲಿ ಹಿಡಿದವನಂತೆ ಕೂಗಿದ.

“ಇಲ್ಲಿ! ಈ ದಿನ ಬೆಳಿಗ್ಗೆ ಏಳರದ್ದು ಖಾಲಿ ಇದೆ!”

ತಾತ ಇಣುಕಿ ನೋಡಿದರು. “ಅವತ್ತು ಬೆಳಿಗ್ಗೆ ನನ್ನ ಮದುವೆ.”

“ಸಂಜೆಯದ್ದು ಬರೆದಿದ್ದೀರಲ್ಲ?”

“ಸಂಜೆಗೆ ಬಂದೆ.”

ತಾರೀಖಣ್ಣ ತಾತನ ಮುಖವನ್ನೇ ನೋಡಿದ. ಇಂಥ ಮನುಷ್ಯನೊಬ್ಬ ಈ ಊರಿನಲ್ಲೇ ಇದ್ದೂ ತನಗೆ ಗೊತ್ತಿಲ್ಲದೆ ಹೋಯಿತಲ್ಲ ಎಂದು ಅವನಿಗೆ ಇನ್ನಷ್ಟು ಸಿಟ್ಟು ಬಂತು. “ರಿಜಿಸ್ಟರ್ ಚಿನ್ನದಂಗಿದೆ,” ಎಂದ. “ಇಂಥ ರಿಜಿಸ್ಟರ್ ಇಟ್ಕೊಂಡು ಇಂಥ ಸರಕು ಮಾರ್ತೀರಲ್ಲ, ನಿಮಗೆ ಏನನ್ನಬೇಕು!”

“ಇಂಥ ಕಣ್ಣು ಇಟ್ಕೊಂಡು ನನ್ನ ಹತ್ತೊಂಬತ್ತು ಪುಟ ಹಾಳು ಮಾಡಿದ್ರಲ್ಲ, ನಿಮಗೆ ಏನನ್ನಬೇಕು!” ಎಂದರು ತಾತ.

ಇನ್‌ಸ್ಪೆಕ್ಟರ್ ಮೇಲಿನ ಕಚೇರಿಗೆ ಬರೆದು ಕೇಳುತ್ತೇನೆಂದು ಹೇಳಿ, ಉತ್ತರ ಬರುವವರೆಗೆ ನೆಲಮಾಳಿಗೆಗೆ ಬೀಗ ಜಡಿದು ಅರಗು ಒತ್ತಿದ. ಯಜಮಾನಮ್ಮ ಊಟ ಮುಗಿಸದೆ ಎದ್ದು ಹೋಗಿದ್ದರು. ಅರ್ಜಿಯ ವಿಷಯ ಯಾರೂ ಎತ್ತಲಿಲ್ಲ. ಚಿಕ್ಕ ಯಜಮಾನ ಮಾತ್ರ ಒದ್ದೆ ಅಂಗಿಯಲ್ಲೇ, “ನಮ್ಮ ಯಂತ್ರ ಲೋಟ ಕಿತ್ಕೊಳ್ಳಲ್ಲ,” ಎಂದು ಹೇಳಿ ಕಾರು ಹತ್ತಿದ.

ಮರುದಿನ ಬೆಳಗಾಗುವಷ್ಟರಲ್ಲಿ ಸುದ್ದಿ ಬೀದಿಗೆ ಬಂದಿತ್ತು. ಆರು ತಿಂಗಳಿಂದ ಗೋಡೆ ನೋಡುತ್ತಿದ್ದ ಟೀಚರಮ್ಮ ಅಂದು ಗೇಟಿನ ಬಳಿ ನಿಂತು ನೇರವಾಗಿ ಇವನ ಮುಖವನ್ನೇ ನೋಡಿದರು.

“ಏನಣ್ಣಾ, ಹೋಟೆಲಿನೋರಿಗೂ ಬಿಸ್ಕತ್ತು ವಾಪಸ್ ಮಾಡಿದ್ರಂತೆ?”

“ಜನರ ಪ್ರಾಣ ಉಳಿಸಿದ್ದೀನಿ ಟೀಚರಮ್ಮಾ.”

“ಉಳಿದ ಜನ ಎಲ್ಲಿದ್ದಾರೆ? ಒಬ್ಬರೂ ಥ್ಯಾಂಕ್ಸ್ ಹೇಳೋಕೆ ಬಂದ ಹಾಗೆ ಕಾಣಲ್ವಲ್ಲ!”

ಒಳಗೆ ಹೆಂಡತಿಯ ಸರದಿ. “ಎರಡು ವರ್ಷ ಕೇಳೋಕೆ ಹೋದೋರು, ಎರಡು ಗಂಟೆ ಕೈ ಕಟ್ಕೊಂಡು ಕೂರೋಕೆ ಆಗ್ಲಿಲ್ವೇನ್ರೀ? ಬಾಟಲಿ ಅವರದ್ದು, ಹೊಟ್ಟೆ ಅವರದ್ದು, ನಡುವೆ ನಿಮ್ಮ ಪೆನ್ನು ಯಾಕೆ?”

“ನಾಳೆ ಏನಾದ್ರೂ ಆಗಿದ್ರೆ?”

“ಐವತ್ತು ವರ್ಷದಿಂದ ಆಗದೇ ಇದ್ದದ್ದು ನಾಳೆ ಆಗ್ತಿತ್ತಾ?”

ತಾರೀಖಣ್ಣ ಉಪ್ಪಿನ ಪೊಟ್ಟಣ ತಿರುಗಿಸಿ ನೋಡುತ್ತ ಕೂತ.

ಮೂರನೆಯ ದಿನ ಮೇಲಿನ ಕಚೇರಿಯ ಉತ್ತರ ಬಂತು. ಬಾವಮೈದ ಅದರ ಪ್ರತಿಯನ್ನು ತಂದು, ಬಾವನ ಕಣ್ಣು ತಪ್ಪಿಸುತ್ತಾ, ಮೇಜಿನ ಮೇಲಿಟ್ಟ. ಒಂದೇ ಸಾಲು: ‘ಆಹಾರ ನಿಯಮಗಳ ಅನುಬಂಧ ಏಳರ ಪ್ರಕಾರ ಈ ವರ್ಗದ ಸರಕಿಗೆ ಕೊನೆಯ ದಿನಾಂಕ ನಮೂದಿಸುವ ಅಗತ್ಯವಿಲ್ಲ.’

“ಅಗತ್ಯ ಇಲ್ವಾ?” ತಾರೀಖಣ್ಣ ಎದ್ದು ನಿಂತ. “ಕೊನೆಯ ದಿನಾಂಕವೇ ಬೇಡ ಅಂತ ಸರ್ಕಾರವೇ ಬರೆದುಕೊಡೋದಾ? ಏಳನೇ ಅನುಬಂಧದವರೆಗೆ ಹೋಗಿ ಅಲ್ಲಿ ಬಚ್ಚಿಟ್ಟಿದ್ದಾರೆ ನೋಡು! ಒಂದನೇ ಪುಟದಲ್ಲಿ ಹಾಕೋಕೆ ಇವರಿಗೆ ಧೈರ್ಯ ಇರ್ಲಿಲ್ಲ!”

“ಬಾವಾ, ನೀವು ಸೋತ್ರಿ.”

“ನಾನು ಸೋತಿಲ್ಲ ಕಣೋ. ಅನುಬಂಧ ಸೋತಿದೆ.”

ನೆಲಮಾಳಿಗೆಯ ಅರಗು ಒಡೆದರು. ಅದರ ಹಿಂದೆಯೇ ಆ ಉತ್ತರದ ಪ್ರತಿಯೊಂದಿಗೆ ಹೋಟೆಲಿನಿಂದ ಕಂಪನಿಗೆ ಪತ್ರ ಬಂತು: ಪಟ್ಟಿಗೆ ಗೆರೆ ಎಳೆದವರು ಲಿಖಿತವಾಗಿ ತಪ್ಪೊಪ್ಪಿಕೊಳ್ಳಬೇಕು. ಯಜಮಾನಮ್ಮ ತಾರೀಖಣ್ಣನಿಗೆ ಹೇಳಿ ಕಳಿಸಿದರು.

ಅವರ ಕೋಣೆಯಲ್ಲಿ ಚಿಕ್ಕ ಯಜಮಾನ ಯಂತ್ರ ಹಿಡಿದು ನಿಂತಿದ್ದ. ಮೂಲೆಯ ಕುರ್ಚಿಯಲ್ಲಿ ನೆಲಮಾಳಿಗೆ ತಾತ, ತೊಡೆಯ ಮೇಲೆ ಚರ್ಮದ ಪಟ್ಟಿ. ಮೇಜಿನ ಮೇಲೆ ಬೆಳಿಗ್ಗೆ ತಾನೇ ಬಂದ ಕಿವಿ ಹನಿಯ ಪೆಟ್ಟಿಗೆ.

“ಬಾರಯ್ಯ,” ಎಂದರು ಯಜಮಾನಮ್ಮ. “ಮೂರು ವರ್ಷ ಆದ್ಮೇಲೆ ಎಲ್ಲಾನೂ ಎಸೀಬೇಕು ಅಂತೀಯಲ್ಲ. ನನಗೆ ಎಪ್ಪತ್ತನಾಲ್ಕು. ನನ್ನನ್ನ ಎಲ್ಲಿ ಎಸೀಬೇಕು ಅಂತಿದ್ದೀಯ?”

“ಅಮ್ಮಾ, ನಿಮ್ಮ ಮೇಲೆ ತಾರೀಖು ಅಚ್ಚಾಗಿಲ್ಲ.”

“ನಿನ್ನ ಮೇಲೆ ಅಚ್ಚಾಗಿದೆಯಲ್ಲ. ಇದೇ ತಿಂಗಳ ಕೊನೆ. ನಿನ್ನ ಲೆಕ್ಕದ ಪ್ರಕಾರ ನಿನ್ನ ಅರ್ಜಿಗೂ ಒಂದು ಕೆಂಪು ಗೆರೆ ಎಳೆದು ಬಿಸಾಕ್ಬೇಕು ತಾನೇ?”

ಚಿಕ್ಕ ಯಜಮಾನ ಮುಗುಳ್ನಕ್ಕ. ಮೂವತ್ತನಾಲ್ಕು ವರ್ಷ ತಾರೀಖಣ್ಣ ಹೇಳಿಕೊಂಡು ಬಂದ ಮಾತು ಈಗ ಎದುರು ನಿಂತು ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಅವನ ಕೈ ರೂಢಿಯಂತೆ ಎದುರಿಗಿದ್ದ ಪೆಟ್ಟಿಗೆಯತ್ತ ಹೋಯಿತು. ತಲೆಕೆಳಗು ಮಾಡಿದ. ಕನ್ನಡಕ ಹಣೆಗೇರಿತು.

“ಇದನ್ನ ಯಾರು ಒಳಗೆ ತಗೊಂಡ್ರು?”

“ಯಂತ್ರ,” ಎಂದ ಚಿಕ್ಕ ಯಜಮಾನ. “ಹಸಿರು ದೀಪ ಬಂತು. ಅವಧಿ ಇನ್ನೂ ಎರಡು ವರ್ಷ ಇದೆ.”

“ಅವಧಿ ಇದೆ ಸ್ವಾಮಿ. ಆದ್ರೆ ತಯಾರಾದ ತಾರೀಖು ಮುಂದಿನ ತಿಂಗಳು ಅಂತಿದೆ! ಈ ಔಷಧ ಇನ್ನೂ ಹುಟ್ಟೇ ಇಲ್ಲ!” ತಾರೀಖಣ್ಣನ ದನಿ ಮೊದಲಿನ ಎತ್ತರಕ್ಕೆ ಮರಳಿತು. “ಹುಟ್ಟದೇ ಇರೋದನ್ನ ಜನರ ಕಿವಿಗೆ ಬಿಡೋಕೆ ಹೊರಟಿದ್ದೀರಲ್ಲ! ನಿಮ್ಮ ಯಂತ್ರಕ್ಕೆ ಸಾಯೋದು ಗೊತ್ತು, ಹುಟ್ಟೋದು ಗೊತ್ತಿಲ್ವಾ?”

ಚಿಕ್ಕ ಯಜಮಾನ ಪೆಟ್ಟಿಗೆ ಕಿತ್ತುಕೊಂಡು ಓದಿದ. ಯಂತ್ರ ಹಿಡಿದ. ಹಸಿರು. ಮತ್ತೆ ಹಿಡಿದ. ಹಸಿರು. ತಾತ ಮೂಲೆಯಲ್ಲಿ ಕೆಮ್ಮಿದರು. ಅದು ನಗುವಿನ ಹಾಗೆಯೇ ಕೇಳಿಸಿತು.

ಯಜಮಾನಮ್ಮ ಒಂದು ಬಿಳಿ ಹಾಳೆಯನ್ನು ಮುಂದಕ್ಕೆ ಸರಿಸಿದರು. “ಕೆಲವು ಸರಕು ಹಳೇದಾದ್ರೂ ಕೆಡಲ್ಲ ಅಂತ ಬರೆದು ಸಹಿ ಹಾಕು. ಇವರ ಪಟ್ಟಿಗೂ ಮರ್ಯಾದೆ ಆಗುತ್ತೆ, ನಿನ್ನ ಅರ್ಜಿಗೂ ದಾರಿ ಆಗುತ್ತೆ. ಬರೆಯದೇ ಇದ್ರೆ ಎರಡೂ ಇಲ್ಲ.”

ಪೆನ್ನು ಹಿಡಿದ ತಾರೀಖಣ್ಣನ ಕೈ ಹಾಳೆಯ ಮೇಲೆ ನಿಂತೇ ಇತ್ತು. ಸುಳ್ಳು ಬರೆಯುವಂತಿಲ್ಲ. ಬರೆಯದೆ ಇರುವಂತಿಲ್ಲ. ಕೊನೆಗೆ ಅವನ ಕಣ್ಣು ತಾತನ ಕಡೆ ಹೋಯಿತು. “ಹಗಲು ರಾತ್ರಿ ಅಷ್ಟೇ ತಂಪು ಇಟ್ಟಿರ್ತೀರಾ?”

“ನೀವೇ ನೋಡಿದ್ರಲ್ಲ.”

“ಬೆಳಕು?”

“ಬೀಳಲ್ಲ.”

“ಅಲುಗಾಡಿಸ್ತೀರಾ?”

“ನಾನಿರೋವರೆಗೆ ಯಾರಿಗೂ ಬಿಡಲ್ಲ.”

ತಾರೀಖಣ್ಣ ಬರೆದ. ಬರೆದದ್ದನ್ನು ತಾತ ಗಟ್ಟಿಯಾಗಿ ಓದಿದರು: “‘ಕೆಲವು ಸರಕು ಹಳೆಯದಾದರೂ ಕೆಡುವುದಿಲ್ಲ. ಆದರೆ ಮುಚ್ಚಳ ಭದ್ರವಾಗಿರತಕ್ಕದ್ದು. ತಂಪಾದ, ಕತ್ತಲೆಯ ಜಾಗದಲ್ಲಿಡತಕ್ಕದ್ದು. ಅನಗತ್ಯವಾಗಿ ಅಲುಗಾಡಿಸತಕ್ಕದ್ದಲ್ಲ. ಪ್ರತಿದಿನ ಎರಡು ಸಲ ನೋಡಿ ರಿಜಿಸ್ಟರಿನಲ್ಲಿ ಬರೆಯತಕ್ಕದ್ದು.’” ಓದಿ ಮುಗಿಸಿ ಕನ್ನಡಕ ತೆಗೆದರು. “ನಲವತ್ತೊಂದು ವರ್ಷದಿಂದ ನಾನು ಮ್ಯಾನೇಜರ್‌ಗಳಿಗೆ ಹೇಳ್ತಿರೋದು ಇದನ್ನೇ. ಇದು ತಪ್ಪೊಪ್ಪಿಗೆ ಅಲ್ಲ. ಆದ್ರೂ ನನಗೆ ಸಾಕು.”

“ನಿಮ್ಮ ಹತ್ತೊಂಬತ್ತು ಪುಟ?” ಎಂದು ಯಜಮಾನಮ್ಮ ಕೇಳಿದರು.

“ಇವರ ಅಕ್ಷರ ಚೆನ್ನಾಗಿದೆ. ಇವರೇ ಬರೆದುಕೊಡ್ಲಿ.”

“ಗಸಿಗೆ ಒಂದು ಕಲಂ ಹಾಕ್ತೀನಿ,” ಎಂದ ತಾರೀಖಣ್ಣ ತಕ್ಷಣ.

“ಹಾಕಿ,” ಎಂದರು ತಾತ. “ಎಲ್ಲದಕ್ಕೂ ಇದೆ ಅಂತಲೇ ಬರೀರಿ.”

ತಿಂಗಳ ಕೊನೆಯ ದಿನ ಪ್ಯಾಕಿಂಗ್ ಅಕ್ಕ ಯಜಮಾನಮ್ಮನ ಆದೇಶ ಹಿಡಿದುಕೊಂಡು ಗೋದಾಮಿಗೆ ಓಡಿಬಂದಳು. ಸ್ಟೋರ್‌ಕೀಪರನ ಸೇವೆಯನ್ನು ಮುಂದುವರಿಸಲಾಗಿದೆ. ಕೂರುವ ಜಾಗ: ಕಂಪನಿಯ ನೆಲಮಾಳಿಗೆಯ ಗೋದಾಮು. ಷರತ್ತುಗಳು: ತಂಪು, ಕಡಿಮೆ ಬೆಳಕು, ಅನಗತ್ಯವಾಗಿ ಅಲುಗಾಡಿಸತಕ್ಕದ್ದಲ್ಲ, ಚಿಕ್ಕ ಯಜಮಾನರು ಪ್ರತಿದಿನ ಎರಡು ಸಲ ಬಂದು ನೋಡತಕ್ಕದ್ದು.

ಅಕ್ಕನ ಮುಖ ಅರಳಿತ್ತು. ತಾರೀಖಣ್ಣ ಆದೇಶವನ್ನು ಓದಿದ. ತಿರುಗಿಸಿದ. ತಲೆಕೆಳಗು ಮಾಡಿದ.

“ಎಷ್ಟು ವರ್ಷ ಅಂತ ಇಲ್ಲ. ಯಾವತ್ತಿನವರೆಗೆ?”

“ಇಲ್ಲದೇ ಇದ್ರೆ ಒಳ್ಳೇದೇ ಅಲ್ವಾ ಅಣ್ಣಾ?”

“ಏನು ಒಳ್ಳೇದು? ಮೂವತ್ತನಾಲ್ಕು ವರ್ಷದಲ್ಲಿ ಕೊನೆಯ ತಾರೀಖಿಲ್ಲದ ಒಂದು ಚೀಟಿನೂ ನಾನು ಒಳಗೆ ತಗೊಂಡಿಲ್ಲ! ನನ್ನದೇ ಆದೇಶ ಅಂತ ಬಿಡ್ತೀನಾ?” ಕೆಂಪು ಪೆನ್ನಿನಿಂದ ‘ಕೊನೆಯ ದಿನಾಂಕ ಇಲ್ಲ, ಸ್ವೀಕರಿಸಲಾಗದು’ ಎಂದು ಬರೆದು ವಾಪಸ್ ಕಳಿಸಿದ.

“ಮನೇಲಿ ಕಾಯ್ತಿರೋ ನಮ್ಮಕ್ಕನಿಗೆ ಇದನ್ನ ನಾನ್ಯಾವ ಬಾಯಲ್ಲಿ ಹೇಳ್ಲಿ!” ಎಂದು, ಸುದ್ದಿ ಕೇಳಲು ಬಂದಿದ್ದ ಬಾವಮೈದ ತಲೆ ಮೇಲೆ ಕೈ ಹೊತ್ತು ಪೆಟ್ಟಿಗೆಯ ಮೇಲೆ ಕೂತ.

ಒಂದು ಗಂಟೆ ಕಳೆದು ಆದೇಶ ಮರಳಿ ಬಂತು. ಕೆಂಪು ಷರಾದ ಕೆಳಗೆ ಯಜಮಾನಮ್ಮನ ನಡುಗುವ ಅಕ್ಷರದಲ್ಲಿ ಮೂರೇ ಪದ: ‘ಅನುಬಂಧ ಏಳು ನೋಡು.’

ತಾರೀಖಣ್ಣ ಅದನ್ನು ಎರಡು ಸಲ ಓದಿದ. ಆ ಅನುಬಂಧದ ಮೇಲೆ ಅವನಿಗಿದ್ದ ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ನಿಯಮ ನಿಯಮವೇ. ಪೆನ್ನಿಗೆ ಮುಚ್ಚಳ ಹಾಕಿದ. ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ನೆಲಮಾಳಿಗೆಯ ಮೆಟ್ಟಿಲಿಳಿದು, ಮಂದ ದೀಪದ ಕೆಳಗೆ ಕೂತು, ಹೊಸ ಪುಟ ತೆರೆದು, ಅಂದಿನ ಒಳಬಂದ ಸರಕಿನ ಸಾಲಿನಲ್ಲಿ ಬರೆದುಕೊಂಡ:

‘ಸ್ಟೋರ್‌ಕೀಪರ್, ಒಂದು. ತಯಾರಾಗಿ ಅರವತ್ತು ವರ್ಷ. ಮುಚ್ಚಳ ಭದ್ರ. ತಳದಲ್ಲಿ ಗಸಿ: ಇದೆ.’